ಲಕ್ಷದ ಮಿಷನ್ ಕೊಳ್ಳುವ ಮೊದಲು: ಕಣ್ಣು ಕಾಣದವರ ಮನೆಗೊಂದು ಮಾರ್ಗದರ್ಶಿ

ಅರಕಲಗೂಡಿನ ಕಡೆಯ ಒಬ್ಬ ತಂದೆ ಶುಂಠಿ ಕಿತ್ತು ಮಾರಿದ ವಾರದಲ್ಲೇ ನನಗೆ ಫೋನ್ ಮಾಡಿದರು. "ಸಾರ್, ಈ ಸಲ ಶುಂಠಿಗೆ ರೇಟು ಸಿಕ್ಕೈತೆ. ಮಗಳಿಗೆ ಆ ಓದೋ ಕನ್ನಡಕ ಕೊಡ್ಸಿಬಿಡಾನ ಅಂತ ಇದೀವಿ. ಎರಡು ಲಕ್ಷ ಅಂತವ್ರೆ. ತಗೋಬೌದಾ?" ಮಗಳು ಪಿಯುಸಿ ಕಾಮರ್ಸ್ ಓದುತ್ತಿದ್ದಾಳೆ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಓದೋ ಕನ್ನಡಕ ಅಂದರೆ ಎದುರಿನ ಅಕ್ಷರವನ್ನು ಕ್ಯಾಮೆರಾದಲ್ಲಿ ಹಿಡಿದು ದನಿಯಲ್ಲಿ ಓದಿ ಹೇಳುವ ಸಾಧನ. ನಾನು ಕೇಳಿದ್ದು ಒಂದೇ ಮಾತು: "ಅದು ಕನ್ನಡ ಓದುತ್ತಾ?" ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದುನ್ನ ಕೇಳ್ಲೇ ಇಲ್ಲ ಸಾರ್" ಅಂದರು.

ಆ ಪ್ರಶ್ನೆ ನನಗೆ ಪುಸ್ತಕ ಓದಿ ಬಂದದ್ದಲ್ಲ. ನನ್ನದು ರೆಟಿನೈಟಿಸ್ ಪಿಗ್ಮೆಂಟೋಸಾ, ನಿಧಾನವಾಗಿ ದೃಷ್ಟಿ ಕಸಿದುಕೊಳ್ಳುವ ಕಾಯಿಲೆ. ದೃಷ್ಟಿ ಪೂರ್ತಿ ಹೋದ ವರ್ಷ ನಮ್ಮಣ್ಣ ಸೊಸೈಟಿಯಲ್ಲಿ ಸಾಲ ತೆಗೆದು ಓದುವ ಯಂತ್ರವೊಂದನ್ನು ತಂದುಕೊಟ್ಟರು. ಅದು ಇಂಗ್ಲಿಷ್ ಪೇಪರನ್ನು ಸ್ಪಷ್ಟವಾಗಿ ಓದಿತು, ಮನೆಯವರೆಲ್ಲ ಸುತ್ತ ನಿಂತು ಕೇಳಿ ಖುಷಿಪಟ್ಟರು. ಸಂಜೆ ಅಮ್ಮ ಕರೆಂಟ್ ಬಿಲ್ ತಂದು ಅದರ ಕೆಳಗಿಟ್ಟರು. ಯಂತ್ರ ಅಂಕಿಗಳನ್ನು ಹೇಳಿತು, ಕನ್ನಡ ಅಕ್ಷರ ಬಂದಲ್ಲೆಲ್ಲ ಅರ್ಥವಿಲ್ಲದ ಶಬ್ದ ಮಾಡಿತು. ಅಮ್ಮ ಬಿಲ್ ತೆಗೆದುಕೊಂಡು ಏನೂ ಹೇಳದೆ ಒಳಗೆ ಹೋದರು. ಮಾರಿದವರಿಗೆ ಫೋನ್ ಮಾಡಿದರೆ "ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ" ಎಂದರು. ನಾವು ಮೂರು ವರ್ಷ ಕಂತು ಕಟ್ಟಿದೆವು, ಕನ್ನಡ ಬರಲೇ ಇಲ್ಲ. ಹಾಸನ ಜಿಲ್ಲೆಯ ಇನ್ನೊಂದು ಮನೆಗೆ ಹೀಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಇಷ್ಟೊಂದು ಬೆಲೆ ಯಾಕೆ ಅಂತ ತಿಳಿದರೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ ಅನ್ನುವುದು ಅರ್ಧ ತಿಳಿದ ಹಾಗೆ. ಬ್ರೈಲ್ ಡಿಸ್‌ಪ್ಲೇ ತೆಗೆದುಕೊಳ್ಳಿ. ಕಂಪ್ಯೂಟರ್ ಪರದೆಯ ಮೇಲಿನ ಸಾಲು ಬೆರಳಿನ ಕೆಳಗೆ ಬ್ರೈಲ್ ಚುಕ್ಕಿಗಳಾಗಿ ಏಳುವ ಸಾಧನ ಅದು. ಒಂದು ಅಕ್ಷರದ ಮನೆಯಲ್ಲಿ 8 ಸಣ್ಣ ಕಡ್ಡಿಗಳು. 40 ಅಕ್ಷರದ ಡಿಸ್‌ಪ್ಲೇಯಲ್ಲಿ 320 ಕಡ್ಡಿ. ಪ್ರತಿ ಕಡ್ಡಿಯನ್ನೂ ಮೇಲೆತ್ತಿ ಇಳಿಸಲು ಅದಕ್ಕೇ ಒಂದು ಪೀಜೋ ಪಟ್ಟಿ ಬೇಕು, ವಿದ್ಯುತ್ ಹರಿದಾಗ ಬಾಗುವ ಪಟ್ಟಿ. ಹೊರದೇಶದಲ್ಲಿ ಸಣ್ಣ ಸಂಖ್ಯೆಯಲ್ಲಿ ತಯಾರಾಗಿ, ಡಾಲರ್ ಲೆಕ್ಕದಲ್ಲಿ ಬಂದು, ಮಧ್ಯದವರ ಕೈ ದಾಟುವಾಗ ಬೆಲೆ ಲಕ್ಷ ಮುಟ್ಟುತ್ತದೆ. ಇನ್ನೊಂದು ಕಾರಣವೂ ಇದೆ, ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಶ್ರೀಮಂತ ದೇಶಗಳಲ್ಲಿ ಇವನ್ನು ಬಹಳ ಮಟ್ಟಿಗೆ ಕೊಳ್ಳುವುದು ಸರ್ಕಾರ, ಶಾಲೆ, ಉದ್ಯೋಗ ಕೊಟ್ಟ ಕಂಪನಿ. ಬೆಲೆ ನಿಗದಿಯಾಗುವುದು ಅವರ ಜೇಬು ನೋಡಿ. ಅದೇ ಬೆಲೆಯನ್ನು ಅರಕಲಗೂಡಿನ ರೈತ ಸ್ವಂತ ಗಂಟಿನಿಂದ ಕೊಡಬೇಕು ಅನ್ನುವುದು ನ್ಯಾಯವಲ್ಲ. ಹಾಗಾಗಿ ಉಚಿತವಾಗಿ ಸಿಗುವುದನ್ನು ಮೊದಲು ಪೂರ್ತಿ ಬಳಸಿ, ಆಮೇಲೆ ಸರ್ಕಾರದಿಂದ ಬರಬೇಕಾದ್ದನ್ನು ಕೇಳಿ, ಕಟ್ಟಕಡೆಗೆ ಮಾತ್ರ ಮನೆಯ ದುಡ್ಡಿಗೆ ಕೈ ಹಾಕಿ.

ಮೊದಲ ಹೆಜ್ಜೆ: ಕೆಲಸಗಳ ಪಟ್ಟಿ

ಒಂದು ವಾರ ಕಣ್ಣು ಕಾಣದವರ ಜೊತೆ ಕೂತು, ಬೇರೆಯವರನ್ನು ಕರೆಯಬೇಕಾಗಿ ಬಂದ ಪ್ರತಿ ಕೆಲಸವನ್ನೂ ಬರೆಯಿರಿ. ಸಾಧನದ ಹೆಸರು ಬೇಡ, ಕೆಲಸದ ಹೆಸರು ಬರಲಿ. "ಮಾತ್ರೆ ಯಾವುದು ಅಂತ ಗುರುತು ಹಿಡಿಯೋದು", "ಮೇಷ್ಟ್ರು ವಾಟ್ಸಾಪಲ್ಲಿ ಕಳಿಸಿದ ನೋಟ್ಸ್ ಓದೋದು", "ಚಿಲ್ಲರೆ ಎಣಿಸೋದು", "ಅಂಗಡಿ ಬೀದೀಲಿ ಒಬ್ಬರೇ ನಡೆಯೋದು", ಹೀಗೆ. ಅರಕಲಗೂಡಿನ ಹುಡುಗಿಯ ಪಟ್ಟಿಯಲ್ಲಿ ಹದಿನಾಲ್ಕು ಸಾಲಿದ್ದವು. ಎರಡು ಲಕ್ಷದ ಕನ್ನಡಕ ಅದರಲ್ಲಿ ಬಿಡಿಸಬಹುದಾಗಿದ್ದದ್ದು ಮೂರನ್ನು, ಅದೂ ಇಂಗ್ಲಿಷ್‌ನಲ್ಲಿದ್ದರೆ.

ಎರಡನೇ ಹೆಜ್ಜೆ: ಮನೆಯಲ್ಲಿರುವ ಫೋನ್

ಇಲ್ಲಿ ನಿಧಾನಿಸುತ್ತೇನೆ, ಏಕೆಂದರೆ ಹೆಚ್ಚಿನ ಕೆಲಸ ಮುಗಿಯುವುದೇ ಇಲ್ಲಿ. ಆಂಡ್ರಾಯ್ಡ್ ಫೋನ್‌ನಲ್ಲಿ ಟಾಕ್‌ಬ್ಯಾಕ್ ಅನ್ನುವ ಪರದೆ ಓದುವ ತಂತ್ರಾಂಶ ಉಚಿತವಾಗಿ ಬರುತ್ತದೆ. ಐಫೋನ್‌ನಲ್ಲಿ ಅದರ ಹೆಸರು ವಾಯ್ಸ್‌ಓವರ್. ಇದಕ್ಕಾಗಿ ಐಫೋನ್ ಕೊಳ್ಳಬೇಕಿಲ್ಲ.

ಟಾಕ್‌ಬ್ಯಾಕ್ ಶುರು ಮಾಡಲು ಹೆಚ್ಚಿನ ಫೋನ್‌ಗಳಲ್ಲಿ ವಾಲ್ಯೂಮ್‌ನ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಸಾಕು. ಆಗದಿದ್ದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಸಿಗುತ್ತದೆ. ಶುರುವಾದ ಮೇಲೆ ಫೋನ್ ನಡೆದುಕೊಳ್ಳುವ ರೀತಿಯೇ ಬೇರೆ. ಒಮ್ಮೆ ಮುಟ್ಟಿದರೆ ಬೆರಳ ಕೆಳಗೆ ಏನಿದೆ ಅಂತ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಒಂದು ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ಪುಟ ಸರಿಸಲು ಎರಡು ಬೆರಳು. ಇದು ಗೊತ್ತಿಲ್ಲದೆ ಮನೆಯ ಕಣ್ಣಿದ್ದವರು ಗಾಬರಿಯಾಗಿ "ಫೋನ್ ಕೆಟ್ಟೋಯ್ತು" ಅಂತ ಅಂಗಡಿಗೆ ಹೊತ್ತುಕೊಂಡು ಹೋಗುವುದುಂಟು. ಅದೇ ಎರಡು ಗುಂಡಿ ಮತ್ತೆ ಮೂರು ಸೆಕೆಂಡ್ ಒತ್ತಿದರೆ ನಿಲ್ಲುತ್ತದೆ.

ಆಮೇಲೆ ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ಗೆ ಹೋಗಿ ಗೂಗಲ್‌ನ ಕನ್ನಡ ದನಿಯನ್ನು ಇಳಿಸಿಕೊಳ್ಳಿ. ದನಿಯ ವೇಗವನ್ನು ಮೊದಲ ವಾರ ಕಡಿಮೆ ಇಡಿ. ನಾನೀಗ ಕೇಳುವ ವೇಗ ನಮ್ಮಣ್ಣನಿಗೆ ಜೀರುಂಡೆ ಕೂಗಿದ ಹಾಗೆ ಕೇಳುತ್ತದಂತೆ, ಆದರೆ ನಾನು ಅಲ್ಲಿಗೆ ಬರಲು ಎಂಟು ತಿಂಗಳು ಬೇಕಾಯಿತು. ಬರೆಯಲು ಜಿಬೋರ್ಡ್‌ನ ಕನ್ನಡ ದನಿ ಬರವಣಿಗೆ ಬಳಸಿ, ಮೈಕ್ ಒತ್ತಿ ಕನ್ನಡದಲ್ಲೇ ಹೇಳಿದರೆ ಬರೆದುಕೊಳ್ಳುತ್ತದೆ. ಯುಪಿಐ ಪಿನ್ ಒತ್ತುವಾಗ ಇಯರ್‌ಫೋನ್ ಹಾಕಿಕೊಳ್ಳಲೇಬೇಕು. ರಸ್ತೆಯಲ್ಲಿ ಒಂದು ಕಿವಿಗೆ ಮಾತ್ರ ಹಾಕಿ, ಇನ್ನೊಂದು ಕಿವಿ ರಸ್ತೆಗೆ ಬೇಕು.

ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಬಿಟ್ಟ ಮನಿ ಅನ್ನುವ ಆ್ಯಪ್ ಇದೆ. ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಸುತ್ತಮುತ್ತಲ ವಸ್ತುಗಳನ್ನು ವಿವರಿಸಲು ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ ಇದೆ. ಬಿ ಮೈ ಐಸ್ ಆ್ಯಪ್‌ನಲ್ಲಿ ವಿಡಿಯೊ ಕರೆ ಮಾಡಿದರೆ ಕಣ್ಣಿರುವ ಸ್ವಯಂಸೇವಕರು ನೋಡಿ ಹೇಳುತ್ತಾರೆ. ಎರಡಕ್ಕೂ ದುಡ್ಡಿಲ್ಲ. ಮಾತ್ರೆಯ ಸ್ಟ್ರಿಪ್‌ಗೆ ಮಾತ್ರ ನಾನು ಇವತ್ತಿಗೂ ರಬ್ಬರ್ ಬ್ಯಾಂಡ್ ನಂಬುತ್ತೇನೆ: ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು. ಔಷಧದ ವಿಷಯದಲ್ಲಿ ಕ್ಯಾಮೆರಾ ತಪ್ಪಿದರೆ ಕಷ್ಟ.

ಕನ್ನಡ ಓದಿಸುವುದು

ಅಚ್ಚಾದ ಕನ್ನಡ ಪುಟವನ್ನು ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರ್‌ನಲ್ಲಿ ಗೂಗಲ್ ಡಾಕ್ಸ್‌ನಿಂದ ತೆರೆದರೆ ಅದು ಅಕ್ಷರಗಳಾಗಿ ಬದಲಾಗುತ್ತದೆ, ಆಮೇಲೆ ಫೋನ್‌ನಲ್ಲಿ ಟಾಕ್‌ಬ್ಯಾಕ್ ಓದುತ್ತದೆ. ಅಚ್ಚು ಚೆನ್ನಾಗಿದ್ದು ಬೆಳಕು ಸರಿಯಾಗಿದ್ದರೆ ತಪ್ಪು ಕಡಿಮೆ. ಕೈಬರಹದ ನೋಟ್ಸ್‌ಗೆ ಇದನ್ನು ನಂಬಬೇಡಿ. ಗೆಳತಿಯೊಬ್ಬಳು ಓದಿ ರೆಕಾರ್ಡ್ ಮಾಡಿ ಕಳಿಸಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನೊಂದು ತೊಡಕು ನಮ್ಮ ಕನ್ನಡಕ್ಕೇ ಅಂಟಿಕೊಂಡದ್ದು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಚೂರು. ಪರದೆ ಓದುವ ತಂತ್ರಾಂಶ ಅದನ್ನು ಓದಿದರೆ ಒಂದು ಪದವೂ ಅರ್ಥವಾಗುವುದಿಲ್ಲ. ಎಷ್ಟೋ ಮಕ್ಕಳು "ಸಾಫ್ಟ್‌ವೇರ್ ಸರಿಯಿಲ್ಲ, ದುಬಾರಿಯದು ಬೇಕು" ಅಂದುಕೊಳ್ಳುವುದು ಇಲ್ಲೇ. ದುಬಾರಿಯದೂ ಅದನ್ನು ಓದುವುದಿಲ್ಲ. ಕಡತವನ್ನು ಯೂನಿಕೋಡ್‌ಗೆ, ಅಂದರೆ ಯಂತ್ರವೂ ಕನ್ನಡವೆಂದೇ ಗುರುತಿಸುವ ಅಕ್ಷರಕ್ಕೆ ಬದಲಿಸಬೇಕು, ಉಚಿತ ಪರಿವರ್ತಕಗಳಿವೆ. ಕಾಲೇಜಿನ ಮೇಷ್ಟ್ರಿಗೆ ಒಂದು ಸಲ ಹೋಗಿ ಹೇಳಿ: "ಸಾರ್, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕೊಡಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಡ." ಖರ್ಚಿಲ್ಲದ ಈ ಒಂದು ಮಾತಿನಿಂದ ಆದ ಉಪಕಾರ ನನ್ನ ಮಟ್ಟಿಗೆ ಯಾವ ಯಂತ್ರದಿಂದಲೂ ಆಗಿಲ್ಲ.

ಪುಸ್ತಕಗಳಿಗೆ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ಕಣ್ಣು ಕಾಣದವರು ಓದಬಲ್ಲ ರೂಪಕ್ಕೆ ಪುಸ್ತಕ ಬದಲಿಸಲು ನಮ್ಮ ಕಾಪಿರೈಟ್ ಕಾಯ್ದೆ 2012ರ ತಿದ್ದುಪಡಿಯಲ್ಲೇ ಅವಕಾಶ ಕೊಟ್ಟಿದೆ. ಹಾಗಾಗಿ ಪಠ್ಯಪುಸ್ತಕ ಸ್ಕ್ಯಾನ್ ಮಾಡಿ ಮಗುವಿಗೆ ಓದಿಸಲು ಹೆದರಬೇಡಿ.

ಕಂಪ್ಯೂಟರ್

ಪಿಯುಸಿ ದಾಟಿದ ಮೇಲೆ ಫೋನ್ ಒಂದೇ ಸಾಲದು. ಕಂಪ್ಯೂಟರ್‌ಗೆ ಎನ್‌ವಿಡಿಎ ಅನ್ನುವ ಪರದೆ ಓದುವ ತಂತ್ರಾಂಶ ಹಾಕಿ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಇದನ್ನು ಬರೆಯಲು ತೊಡಗಿದರು, ಗೆಳೆಯ ಜೇಮ್ಸ್ ಟೆಹ್ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಕಣ್ಣಿದ್ದವರು ಕಂಪ್ಯೂಟರ್ ಪರದೆ ನೋಡಲು ಬೇರೆ ದುಡ್ಡು ಕೊಡುವುದಿಲ್ಲ, ನಾವೇಕೆ ಕೊಡಬೇಕು ಅನ್ನುವುದೇ ಅದರ ಹಿಂದಿನ ಯೋಚನೆ. ಇವತ್ತಿಗೂ ಪೂರ್ತಿ ಉಚಿತ, ಕನ್ನಡ ದನಿಯೂ ಅದರೊಳಗೇ ಬರುತ್ತದೆ. ಯಂತ್ರದ ದನಿ ಮೊದಲು ಒರಟು ಅನಿಸುತ್ತದೆ, ಹದಿನೈದು ದಿನಕ್ಕೆ ಕಿವಿ ಒಗ್ಗುತ್ತದೆ.

ಇದಕ್ಕೆ ಹೊಸ ಲ್ಯಾಪ್‌ಟಾಪ್ ಬೇಡ. ಸೆಕೆಂಡ್‌ಹ್ಯಾಂಡ್ ಆದರೂ ನಡೆಯುತ್ತದೆ, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರಲಿ. ಪರದೆಯ ಮೂಲೆ ಒಡೆದಿದೆ ಅಂತ ಕಡಿಮೆ ಬೆಲೆಗೆ ಸಿಕ್ಕರೆ ನಮಗೇನೂ ತೊಂದರೆಯಿಲ್ಲ, ಕೀಲಿಮಣೆ ಮಾತ್ರ ಗಟ್ಟಿಯಾಗಿರಲಿ. ಎನ್‌ವಿಡಿಎಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಕಾಲೇಜಿನ ಕಂಪ್ಯೂಟರ್‌ನಲ್ಲೂ ಅಲ್ಲಿಂದಲೇ ನಡೆಸಬಹುದು. ಮೌಸ್ ಪಕ್ಕಕ್ಕಿಟ್ಟುಬಿಡಿ. ಇನ್ಸರ್ಟ್ ಜೊತೆ ಟಿ ಒತ್ತಿದರೆ ಯಾವ ಕಿಟಕಿಯಲ್ಲಿದ್ದೇವೆ ಅಂತ ಹೇಳುತ್ತದೆ. ವೆಬ್ ಪುಟದಲ್ಲಿ ಎಚ್ ಒತ್ತಿದರೆ ಮುಂದಿನ ತಲೆಬರಹಕ್ಕೆ ಹಾರುತ್ತದೆ. ಎಕ್ಸೆಲ್‌ನಲ್ಲಿ ಬಾಣದ ಕೀಲಿ ಒತ್ತುತ್ತಾ ಹೋದರೆ ಒಂದೊಂದು ಮನೆಯನ್ನೂ ಓದುತ್ತದೆ.

ಜಾಸ್ ಅನ್ನುವ ತಂತ್ರಾಂಶದ ಹೆಸರನ್ನೂ ನೀವು ಕೇಳಿರುತ್ತೀರಿ. ಅದು ಒಳ್ಳೆಯದು, ಬಹಳ ಹಳೆಯದು, ಮತ್ತು ಹತ್ತಾರು ಸಾವಿರ ರೂಪಾಯಿಯದು. ಕೆಲವು ಕಚೇರಿಗಳ ಸ್ವಂತ ತಂತ್ರಾಂಶಕ್ಕೆ ಅದೇ ಬೇಕಾಗಬಹುದು. ಹಾಗಿದ್ದರೆ ಕೆಲಸ ಕೊಟ್ಟವರು ಕೊಡಿಸಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸರ್ಕಾರಿ ಕಚೇರಿಗಳು ಇಂಥ ಸೂಕ್ತ ಅನುಕೂಲ ಒದಗಿಸಬೇಕು ಎನ್ನುತ್ತದೆ. ಕಲಿಯುವುದಕ್ಕಷ್ಟೇ ಬೇಕಿದ್ದರೆ ಲೈಸೆನ್ಸ್ ಇಲ್ಲದೆಯೂ ಅದು ಒಂದು ಸಲಕ್ಕೆ 40 ನಿಮಿಷ ಓಡುತ್ತದೆ. ಕಳ್ಳ ಪ್ರತಿ ಹಾಕಿಸಿಕೊಳ್ಳಬೇಡಿ, ಅದರ ಜೊತೆ ವೈರಸ್ ಬಂದು ಪರೀಕ್ಷೆಯ ಹಿಂದಿನ ವಾರ ನೋಟ್ಸ್ ಎಲ್ಲ ಕಳೆದುಕೊಂಡವರನ್ನು ಬಲ್ಲೆ.

ಕಾಗದ ಪತ್ರ: ಸರ್ಕಾರದಿಂದ ಬರಬೇಕಾದ್ದು

ಎಲ್ಲದಕ್ಕೂ ಬೀಗದ ಕೈ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಸ್ವಾವಲಂಬನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಹಾಸನದವರು ಹಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ತಪಾಸಣೆ ಮಾಡಿಸಬೇಕು. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಬಂದರೆ ಯೋಜನೆಗಳಿಗೆ ಅರ್ಹತೆ. ಆಧಾರ್, ಫೋಟೊ, ಹಳೆಯ ವೈದ್ಯಕೀಯ ಚೀಟಿಗಳು ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿಡಿ. ಫೈಲಿನ ಮೂಲೆಗೆ ಗುಂಡುಸೂಜಿಯಿಂದ ಚುಚ್ಚಿ ಗುರುತು ಮಾಡಿದರೆ ಕಣ್ಣು ಕಾಣದವರೇ ತೆಗೆದುಕೊಡಬಹುದು. ಅಪ್ಪ ಅಮ್ಮ ಊರಿನಲ್ಲಿ ಇಲ್ಲದ ದಿನವೇ ಆ ಫೈಲು ಬೇಕಾಗುವುದು.

ಕೇಂದ್ರದ ಎಡಿಪ್ ಯೋಜನೆ 1981ರಿಂದ ನಡೆಯುತ್ತಿದೆ. ತಿಂಗಳ ವರಮಾನ 22,500 ರೂಪಾಯಿವರೆಗೆ ಇದ್ದವರಿಗೆ ಸಾಧನ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ಕಾನ್ಪುರದ ಅಲಿಮ್ಕೊ ಸಂಸ್ಥೆ ಜಿಲ್ಲೆಗಳಲ್ಲಿ ಶಿಬಿರ ಮಾಡಿ ಕೊಡುತ್ತದೆ: ಬ್ರೈಲ್ ಕಿಟ್, ಸ್ಮಾರ್ಟ್‌ಕೇನ್, ಸ್ಮಾರ್ಟ್‌ಫೋನ್ ಮುಂತಾದವು. ನಾಡಕಚೇರಿಯಲ್ಲಿ ಮಾಡಿಸಿದ ಆದಾಯ ಪ್ರಮಾಣಪತ್ರ ಕೈಯಲ್ಲಿರಲಿ, ಶಿಬಿರದ ಸುದ್ದಿ ಬಂದ ಮೇಲೆ ಅದಕ್ಕೆ ಓಡಾಡಿದರೆ ದಿನ ದಾಟಿಹೋಗುತ್ತದೆ.

ರಾಜ್ಯದಲ್ಲಿ ಇದಕ್ಕಾಗಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಇದೆ. ಓದುತ್ತಿರುವ ಅಂಧ ಮಕ್ಕಳಿಗೆ ಟಾಕಿಂಗ್ ಲ್ಯಾಪ್‌ಟಾಪ್, ಬ್ರೈಲ್ ಕಿಟ್ ಕೊಡುವ ಯೋಜನೆಗಳು ಅದರಲ್ಲಿವೆ. ಅರ್ಜಿ ಕರೆದಾಗ ಸೇವಾಸಿಂಧುವಿನಲ್ಲಿ ಹಾಕಬೇಕು. ಹಾಸನದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಗೆ ಒಂದು ಸಲ ಹೋಗಿ, ಈ ವರ್ಷ ಯಾವಾಗ ಕರೆಯುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ಪ್ರತಿ ಸಲ ಹಾಸನಕ್ಕೆ ಬರಲು ಆಗದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯೂ ಅನ್ನುವ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ವಿಕಲಚೇತನರೇ ಆಗಿರುವುದು ಹೆಚ್ಚು, ಕಷ್ಟ ಬಿಡಿಸಿ ಹೇಳಬೇಕಾಗುವುದಿಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಪಂಚಾಯಿತಿಯ ದುಡ್ಡು. ಸ್ವಂತ ಆದಾಯದಲ್ಲಿ ಶೇ. 5ನ್ನು ಪಂಚಾಯಿತಿ ವಿಕಲಚೇತನರಿಗೆ ಎತ್ತಿಡಬೇಕು, ಪುರಸಭೆಗಳಿಗೂ ಇದೇ ನಿಯಮ. ಪಿಡಿಒ ಅವರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಯಾವ ಸಾಧನ, ಯಾವ ಕೆಲಸಕ್ಕೆ, ಕೊಟೇಶನ್ ಎಷ್ಟು ಅಂತ ಅದರಲ್ಲಿ ಇರಲಿ. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಗ್ರಾಮಸಭೆಯಲ್ಲಿ ಕಣ್ಣು ಕಾಣದವರೇ ಎದ್ದು ನಿಂತು ಕೇಳಲಿ. ಅಪ್ಪ ಕೇಳುವುದಕ್ಕೂ ಮಗಳೇ ಕೇಳುವುದಕ್ಕೂ ಸಭೆ ಕೊಡುವ ಬೆಲೆ ಬೇರೆ.

ಕೋಲು ಮತ್ತು ಬ್ರೈಲ್ ಬಿಡಬೇಡಿ

ಮಡಚುವ ಬಿಳಿ ಕೋಲಿಗೆ ಕೆಲವು ನೂರು ರೂಪಾಯಿ. ನಿಂತಾಗ ಎದೆಮೂಳೆಯವರೆಗೆ ಬರುವ ಉದ್ದ ಇರಲಿ. ತುದಿಯ ಬಿರಡೆ ಸವೆಯುತ್ತದೆ, ಅದನ್ನಷ್ಟೇ ಬದಲಿಸಬಹುದು. ಐಐಟಿ ದೆಹಲಿಯಲ್ಲಿ ರೂಪುಗೊಂಡು 2014ರಲ್ಲಿ ಬಂದ ಸ್ಮಾರ್ಟ್‌ಕೇನ್ ಕೋಲಿನ ಹಿಡಿಗೆ ಕೂರುತ್ತದೆ. ಮೊಣಕಾಲಿನಿಂದ ತಲೆಯವರೆಗಿನ ಅಡ್ಡಿಯನ್ನು ಶಬ್ದತರಂಗದಿಂದ ಹಿಡಿದು ಕೈಗೆ ನಡುಕದಲ್ಲಿ ಹೇಳುತ್ತದೆ. ಸಾದಾ ಕೋಲಿಗೆ ನೆಲದ ಗುಂಡಿ ಸಿಗುತ್ತದೆ, ನಿಂತ ಲಾರಿಯ ಹಿಂಬದಿಯ ಹಲಗೆ ಸಿಗುವುದಿಲ್ಲ. ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ಅಂಗಡಿಯ ತಗಡಿನ ಅಂಚು ಬಡಿದು ನನ್ನ ಹಣೆಗೆ ನಾಲ್ಕು ಹೊಲಿಗೆ ಬಿದ್ದದ್ದು ಹಾಗೇ. ದುಡ್ಡು ಕೊಟ್ಟು ಕೊಳ್ಳುವುದಾದರೆ ನಾನು ಮೊದಲು ಹೇಳುವ ಸಾಧನ ಇದು.

ಫೋನ್ ಓದುತ್ತದಲ್ಲ, ಬ್ರೈಲ್ ಯಾಕೆ ಅಂತ ತಂದೆ ತಾಯಿ ಕೇಳುತ್ತಾರೆ. ಕೇಳಿ ಕಲಿತ ಮಗುವಿಗೆ ಕಾಗುಣಿತ ಬರುವುದಿಲ್ಲ. ಒತ್ತಕ್ಷರ ಎಲ್ಲಿ ಬರುತ್ತದೆ, ಹೆಸರನ್ನು ಹೇಗೆ ಬರೆಯುತ್ತಾರೆ ಅನ್ನುವುದು ಬೆರಳಿನಿಂದಲೇ ತಿಳಿಯಬೇಕು. ಸ್ಲೇಟು, ಸ್ಟೈಲಸ್ ಅಗ್ಗ. ಲೆಕ್ಕಕ್ಕೆ ಟೇಲರ್ ಫ್ರೇಮ್, ಮಣಿಚೌಕಟ್ಟು ಇವೆ. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯ ಇದೆ, ಕನ್ನಡ ಬ್ರೈಲ್ ಪಠ್ಯಪುಸ್ತಕ ಬೇಕಾದವರು ಅಲ್ಲಿ ವಿಚಾರಿಸಿ.

ಕಲಿಯಲು ಬೆಂಗಳೂರಿಗೆ ಹೋಗಬೇಕಾಗಬಹುದು. ಮಿತ್ರಜ್ಯೋತಿ, ಎನೇಬಲ್ ಇಂಡಿಯಾ, ಸಮರ್ಥನಂ, ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್‌ನ ಕರ್ನಾಟಕ ಶಾಖೆ, ಇವೆಲ್ಲ ವರ್ಷಗಳಿಂದ ಈ ಕೆಲಸದಲ್ಲಿವೆ. ಪೂರ್ತಿ ಕಣ್ಣು ಕಾಣದವರಿಗೆ ಕೆಎಸ್ಆರ್‌ಟಿಸಿಯ ಉಚಿತ ಪಾಸ್ ಇರುವುದರಿಂದ ಬಸ್ಸಿನ ಖರ್ಚಿನ ಚಿಂತೆ ಬೇಡ. ಕೈಯಲ್ಲಿ ಐವತ್ತು ಸಾವಿರ ಇದ್ದು ಸಾಧನವೋ ತರಬೇತಿಯೋ ಅಂತ ಕೇಳಿದರೆ ನಾನು ಎರಡು ತಿಂಗಳು ಬೆಂಗಳೂರಿನಲ್ಲಿದ್ದು ಕಲಿಯಿರಿ ಅನ್ನುತ್ತೇನೆ. ಕಲಿಯದೆ ಕೊಂಡ ಯಂತ್ರ ಅಟ್ಟ ಸೇರುತ್ತದೆ. ನಮ್ಮದೂ ಅಲ್ಲೇ ಇದೆ.

ಆದರೂ ಕೊಳ್ಳಲೇಬೇಕಾದರೆ

ಮೂರು ತಿಂಗಳು ಉಚಿತವಾದದ್ದೆಲ್ಲ ಬಳಸಿದ ಮೇಲೆ ಮೊದಲ ವಾರದ ಪಟ್ಟಿ ತೆಗೆದು, ಆಗುತ್ತಿರುವ ಕೆಲಸಗಳನ್ನು ಹೊಡೆದುಹಾಕಿ. ಉಳಿದದ್ದಕ್ಕೆ ಮಾತ್ರ ಸಾಧನ ಹುಡುಕಿ. ಮಾರುವವರ ಮುಂದೆ ಅವರು ತಂದ ಇಂಗ್ಲಿಷ್ ಹಾಳೆಯನ್ನು ಓದಿಸಿ ಒಪ್ಪಬೇಡಿ. ನಿಮ್ಮದೇ ಪಠ್ಯಪುಸ್ತಕದ ಪುಟ, ಪಡಿತರ ಚೀಟಿ, ಮದುವೆ ಕಾಗದ ಮೂರನ್ನೂ ಓದಿಸಿ. ನೆಟ್‌ವರ್ಕ್ ತೆಗೆದು ಇನ್ನೊಮ್ಮೆ ಓದಿಸಿ, ಏಕೆಂದರೆ ಸಕಲೇಶಪುರ, ಆಲೂರಿನ ಎಷ್ಟೋ ಹಳ್ಳಿಗಳಲ್ಲಿ ಇಂಟರ್ನೆಟ್ ನಂಬುವಂತಿಲ್ಲ. ಕೆಟ್ಟರೆ ಎಲ್ಲಿ ರಿಪೇರಿ, ಎಷ್ಟು ದಿನ, ಬ್ಯಾಟರಿ ಬದಲಿಸಲು ಎಷ್ಟು, ವರ್ಷವರ್ಷ ಅಪ್‌ಡೇಟ್‌ಗೆ ದುಡ್ಡಿದೆಯಾ, ಎಲ್ಲವನ್ನೂ ಕೊಟೇಶನ್ ಮೇಲೆಯೇ ಬರೆಸಿ. "ಕನ್ನಡ ಮುಂದೆ ಬರುತ್ತೆ" ಅಂದರೆ ಬಂದ ಮೇಲೆ ಬರುತ್ತೇವೆ ಅಂತ ಹೇಳಿ ಎದ್ದುಬಿಡಿ. ಒಂದು ವಾರ ಮನೆಯಲ್ಲಿಟ್ಟು ನೋಡಲು ಕೊಡದವರ ಹತ್ತಿರ ಲಕ್ಷದ ವ್ಯಾಪಾರ ಬೇಡ. ಬ್ರೈಲ್ ಸ್ಲೇಟು, ಕೋಲಿನಂಥವಕ್ಕೆ ಜಿಎಸ್‌ಟಿ ಶೇ. 5 ಮಾತ್ರ, ಬಿಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಹಾಕಿದ್ದರೆ ಕೇಳಿ.

ಅರಕಲಗೂಡಿನ ಹುಡುಗಿಯ ಹದಿನಾಲ್ಕು ಸಾಲಿನಲ್ಲಿ ಹನ್ನೆರಡನ್ನು ಹೊಡೆದುಹಾಕಿದ್ದಾಯಿತು. ಉಳಿದವು ಎರಡು: ಬಸ್ಸಿನ ಬೋರ್ಡು, ಮತ್ತು ಅಕೌಂಟೆನ್ಸಿಯ ಉದ್ದುದ್ದ ಕೋಷ್ಟಕ. ಬೋರ್ಡಿಗೆ ಕಂಡಕ್ಟರನ್ನೇ ಕೇಳುತ್ತಾಳೆ. ಕೋಷ್ಟಕವನ್ನು ಎಕ್ಸೆಲ್‌ನಲ್ಲಿ ಕೇಳಿ ಮಾಡುತ್ತಾಳೆ, ಆದರೆ ಡೆಬಿಟ್ಟು ಕ್ರೆಡಿಟ್ಟು ಎರಡೂ ಬದಿಯನ್ನು ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟ, ಬೆರಳಿಗೆ ಸಿಕ್ಕರೆ ಅನುಕೂಲ ಅನ್ನುತ್ತಾಳೆ. ಅದಕ್ಕೆ ಇಪ್ಪತ್ತು ಅಕ್ಷರದ ಸಣ್ಣ ಬ್ರೈಲ್ ಡಿಸ್‌ಪ್ಲೇ ಸಾಕಾಗಬಹುದು. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ, ಸೀಲು ಹಾಕಿದ ನಕಲು ಫೈಲಿನಲ್ಲಿದೆ. ಬರುವ ಮಂಗಳವಾರ ಅಪ್ಪ ಮಗಳು ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ ಅದನ್ನು ಮುಟ್ಟಿ ನೋಡಿ ಬರುತ್ತಾರೆ. ಪೆನ್‌ಡ್ರೈವ್‌ನಲ್ಲಿ ಅವಳದೇ ಲೆಡ್ಜರ್ ಒಂದಿದೆ, ಜೊತೆಗೆ ಕನ್ನಡ ಪಾಠದ ಒಂದು ಪುಟ.